ಸಣ್ಣ ಬ್ಯಾಟರಿಯ ಲೆಕ್ಕ

ವ್ಯಾಪಾರಸ್ಥನಿಗೆ ತೂಕದ ಲೆಕ್ಕ ಬರುತ್ತದೆ, ಬಡ್ಡಿಯ ಲೆಕ್ಕ ಬರುತ್ತದೆ. ಆದರೆ ವೇಳೆಯ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ನಾವು ಅರವತ್ತು ದಾಟಿದ ಮೇಲೆ ಕಲಿತೆವು. ಅದನ್ನು ಕಲಿಸಿದ್ದು ಮನೆಯ ಮುಂದೆ ನಿಂತಿರುವ ವಿದ್ಯುತ್ ಕಾರು. ವಾಚಕ ಬಂಧುಗಳ ಮನೆಗಳಿಗೂ ಇಂಥ ಕಾರು ಬರುತ್ತಿರುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮದು ಜತ್ತ ತಾಲೂಕಿನಲ್ಲಿ ಕಾಳುಕಡಿಯ ಅಡತಿ ಅಂಗಡಿ. ನಮ್ಮ ಹಿರಿಯ ಅಣ್ಣನವರಿಗೆ ಮೂತ್ರಪಿಂಡದ ಬೇನೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗಾಗಿ ಮಿರಜಿಗೆ ಹೋಗಬೇಕು. ಹೋಗಲು ಸುಮಾರು ಎಂಬತ್ತು ಕಿಲೋಮೀಟರು, ಬರಲು ಅಷ್ಟೇ. ಡೀಸೆಲ್ ಖರ್ಚು ನೋಡಿ ಮಗನು 24 ಯೂನಿಟ್ ಬ್ಯಾಟರಿಯ ಸಣ್ಣ ಕಾರನ್ನು ತಂದನು. ಪೂರ್ತಿ ತುಂಬಿದರೆ ನಮ್ಮ ರಸ್ತೆಯಲ್ಲಿ ಇನ್ನೂರು ಕಿಲೋಮೀಟರು ಓಡುತ್ತದೆ. ಅಂದರೆ ನೂರಕ್ಕೆ ಒಂದು ಅಂಶಕ್ಕೆ ಎರಡು ಕಿಲೋಮೀಟರು. ಅಣ್ಣ ಯಂತ್ರಕ್ಕೆ ಮಲಗುವ ನಾಲ್ಕು ತಾಸು ಕಾರನ್ನು ಬೀಗರ ಮನೆಯ ಹದಿನೈದು ಆಂಪಿಯರ್ ಪ್ಲಗ್ಗಿಗೆ ಹಚ್ಚುತ್ತಿದ್ದೆವು. ಸಾವಕಾಶವಾಗಿಯೇ ಹತ್ತು ಯೂನಿಟ್ ಸೇರುತ್ತಿತ್ತು. ಯಾವ ತೊಂದರೆಯೂ ಇರಲಿಲ್ಲ.

ಡಿಸೆಂಬರ್ ತಿಂಗಳ ಒಂದು ದಿನ ಎಲ್ಲವೂ ಅಡ್ಡಾಯಿತು. ಹಿಂದಿನ ರಾತ್ರಿ ನಮ್ಮಲ್ಲಿ ಕರೆಂಟು ಹೋಗಿ ಕಾರು ಅರ್ಧಮರ್ಧ ತುಂಬಿತ್ತು. ಮಿರಜಿನಲ್ಲಿ ಬೀಗರ ಓಣಿಯಲ್ಲೂ ಕರೆಂಟು ಇರಲಿಲ್ಲ. ಡಯಾಲಿಸಿಸ್ ಮುಗಿಯುವುದೂ ತಡವಾಯಿತು. ಎಂದೂ ಬೇಗ ಮನೆ ಮುಟ್ಟುತ್ತಿದ್ದುದರಿಂದ ವೈನಿಯವರು ಬುತ್ತಿ ಕಟ್ಟಿರಲಿಲ್ಲ. ಅಣ್ಣನವರಿಗೆ ರಾತ್ರಿಭೋಜನ ತ್ಯಾಗದ ವ್ರತ. ಮೂವತ್ತು ವರ್ಷದಿಂದ ಸೂರ್ಯ ಮುಳುಗಿದ ಮೇಲೆ ಅವರು ಬಾಯಿಗೆ ಏನನ್ನೂ ಹಾಕಿಲ್ಲ.

ಹಿಂದಿರುಗುವಾಗ ಕವಠೆ ಮಹಾಂಕಾಳದ ಹಾದಿಯಲ್ಲಿ ವೇಗದ ಚಾರ್ಜಿಂಗ್ ಇರುವಲ್ಲಿ ನಿಂತೆವು. ಕಾರಿನಲ್ಲಿ ನೂರಕ್ಕೆ 18 ಉಳಿದಿತ್ತು. ಊರು ಇನ್ನೂ ನಲವತ್ತೈದು ಕಿಲೋಮೀಟರು. ಮುಂದೆ ಒಂದು ದೊಡ್ಡ ಕಾರಿತ್ತು. ಅದರ ಸರದಿ ಮುಗಿದು ನಮ್ಮ ಗನ್ ಹಚ್ಚಿದಾಗ ನಾಲ್ಕೂ ಮುವ್ವತ್ತೈದು. ಫಲಕದ ಮೇಲೆ 60 ಕಿಲೋವ್ಯಾಟ್ ಎಂದು ಬರೆದಿತ್ತು. 60ರಿಂದ 24ನ್ನು ಭಾಗಿಸಿದರೆ ಅರ್ಧ ತಾಸೂ ಬೇಡವೆಂದು ನಾವು ಬೆರಳು ಮಡಚಿದೆವು. ಆದರೆ ಪರದೆಯ ಮೇಲೆ ಇಪ್ಪತ್ತರ ಆಸುಪಾಸಿನ ಅಂಕೆಯೇ ನಿಂತಿತು. "ದೊಡ್ಡ ಕಾರಿಗೆ ಐವತ್ತು, ನಮಗ ಇಪ್ಪತ್ತು, ಇದೇನ ಭೇದ?" ಎಂದು ಕೇಳಿದೆವು. ಅಲ್ಲಿದ್ದ ಹುಡುಗ ನಕ್ಕು, "ಗನ್ ಕೊಡಲಿಕ್ಕೆ ತಯಾರ ಐತ್ರಿ, ನಿಮ್ಮ ಗಾಡಿ ತಗೊಳ್ಳೂದ ಇಷ್ಟು" ಎಂದನು.

ಆಮೇಲೆ ಮಗನು ಬಿಡಿಸಿ ಹೇಳಿದಾಗ ತಿಳಿಯಿತು. ದೊಡ್ಡ ಗೋದಾಮಿಗೆ ನಾಲ್ಕು ಬಾಗಿಲು, ನಾಲ್ಕು ಲಾರಿ ಒಮ್ಮೆಗೇ ಖಾಲಿಯಾಗುತ್ತವೆ. ನಮ್ಮ ಅಂಗಡಿಗೆ ಒಂದೇ ಬಾಗಿಲು, ಹೊರಗೆ ನೂರು ಹಮಾಲರು ನಿಂತರೂ ಚೀಲ ಒಂದೊಂದೇ ಒಳಗೆ ಹೋಗಬೇಕು. ಬ್ಯಾಟರಿಯೂ ಹಾಗೆಯೇ. ಅದರೊಳಗಿನ ಒಂದೊಂದು ಸೆಲ್ಲೂ ತನ್ನ ಗಾತ್ರಕ್ಕೆ ತಕ್ಕಷ್ಟೇ ವಿದ್ಯುತ್ತನ್ನು ನುಂಗೀತು. ಹೆಚ್ಚು ತುರುಕಿದರೆ ಕಾಯ್ದು ಕೆಡುತ್ತದೆ. ಸೆಲ್ಲುಗಳು ಕಡಿಮೆಯಾದರೆ ಒಟ್ಟು ವೇಗವೂ ಕಡಿಮೆ. ಇನ್ನು ಗೋದಾಮು ತುಂಬುತ್ತ ಬಂದಂತೆ ಕೊನೆಯ ನಿಟ್ಟನ್ನು ನೋಡಿ ನೋಡಿ ಒಟ್ಟಬೇಕಲ್ಲವೇ? ಅದರಂತೆ ನೂರಕ್ಕೆ ಎಂಬತ್ತು ದಾಟಿದ ಮೇಲೆ ಕಾರು ತಾನೇ ವೇಗವನ್ನು ಇಳಿಸುತ್ತದೆ.

2001ರಲ್ಲಿ ಬೆಂಗಳೂರಿನ ರೇವಾ ಕಾರು ಬಂದಾಗ ಪೂರ್ತಿ ಚಾರ್ಜಿಗೆ ಎಂಟು ತಾಸು ಬೇಕಾಗುತ್ತಿತ್ತು. 2022ರಲ್ಲಿ ಬಂದ ಟಾಟಾ ಟಿಯಾಗೊದ 24 ಯೂನಿಟ್ ಬ್ಯಾಟರಿಗೆ ವೇಗದ ಗನ್ನಿನಿಂದ ಹತ್ತರಿಂದ ಎಂಬತ್ತಕ್ಕೆ ಒಂದು ತಾಸಿಗೆ ತುಸು ಕಡಿಮೆ ಎಂದು ಕಂಪನಿಯೇ ಹೇಳಿದೆ. 2023ರಲ್ಲಿ 17.3 ಯೂನಿಟ್ಟಿನ ಎಂ.ಜಿ. ಕಾಮೆಟ್ ಬಂದಾಗ ಅದಕ್ಕೆ ಡಿ.ಸಿ. ಗನ್ ಹಚ್ಚುವ ಸೌಕರ್ಯವೇ ಇರಲಿಲ್ಲ. ಅದೇ 79 ಯೂನಿಟ್ಟಿನ ಮಹೀಂದ್ರ ಬಿ.ಇ. 6 ತಕ್ಕ ಶಕ್ತಿಯ ಗನ್ ಸಿಕ್ಕರೆ ಇಪ್ಪತ್ತರಿಂದ ಎಂಬತ್ತಕ್ಕೆ ಇಪ್ಪತ್ತೇ ನಿಮಿಷವೆನ್ನುತ್ತಾರೆ. ಚಿಕ್ಕ ಪಾತ್ರೆ ಬೇಗ ತುಂಬುತ್ತದೆಂಬ ನಮ್ಮ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಇಷ್ಟಾದರೂ ಆ ದಿನದ ತಪ್ಪು ಬ್ಯಾಟರಿಯದಲ್ಲ, ನಮ್ಮದು. ಮನೆ ಮುಟ್ಟಲು ನೂರಕ್ಕೆ 23 ಸಾಕಿತ್ತು. ಕೈಯಲ್ಲಿ ಹನ್ನೆರಡು ಹೆಚ್ಚು ಇಟ್ಟುಕೊಂಡರೂ 35. ಹದಿನೈದು ನಿಮಿಷದ ಕೆಲಸ. ಹಿಂದಿನ ಸೀಟಿನಲ್ಲಿ ದಣಿದು ಮಲಗಿದ್ದ ಅಣ್ಣ, "ತಮ್ಮಾ, ಮನಿ ಮುಟ್ಟೂವಷ್ಟ ಆದ್ರ ಸಾಕು, ನಡಿ" ಎಂದು ಎರಡು ಸಲ ಹೇಳಿದರು. "ಬಂದದ್ದು ಬಂದೀವಿ ಅಣ್ಣಾ, ಎಂಬತ್ತ ಮಾಡ್ಕೊಂಡ ಹೋಗೂಣು" ಎಂದೆವು. ಐದೂ ಇಪ್ಪತ್ತೈದಕ್ಕೆ ಹೊರಟೆವು. ಊರ ಅಗಸಿ ಕಾಣುವಷ್ಟರಲ್ಲಿ ಹೊತ್ತು ಮುಳುಗಿತ್ತು. ವೈನಿಯವರು ತಾಟು ಹಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದರು. ಅಣ್ಣ ಪಡುವಣ ದಿಕ್ಕನ್ನು ನೋಡಿ, ಕೈ ಮುಗಿದು, ಒಳಗೆ ಹೋಗಿ ಮಲಗಿದರು. ಉಂಡ ಮೇಲೆ ನುಂಗುವ ಗುಳಿಗೆಯೂ ಹಾಗೇ ಉಳಿಯಿತು. ನಮಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಆ ರಾತ್ರಿ ನಾವೂ ನಿದ್ದೆ ಮಾಡಲಿಲ್ಲ.

ಪರಿಗ್ರಹಕ್ಕೆ ಪರಿಮಾಣ ಬೇಕೆಂದು ಪ್ರವಚನದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಬಂಗಾರಕ್ಕೆ, ಹೊಲಕ್ಕೆ ಆ ಮಾತೆಂದು ತಿಳಿದಿದ್ದೆವು. ಕರೆಂಟಿಗೂ ಅದೇ ಮಾತು ಎಂದು ತಿಳಿದಿರಲಿಲ್ಲ.

ಈಗ ನಮ್ಮ ಪದ್ಧತಿ ಹೀಗಿದೆ. ದಿನದ ತುಂಬುವಿಕೆ ರಾತ್ರಿ ಮನೆಯಲ್ಲೇ, ಸಾವಕಾಶ. ಹಾದಿಯಲ್ಲಿ ವೇಗದ ಗನ್ನು ಬೇಕಾದಾಗ ಮೊದಲು ಊರಿನ ದೂರವನ್ನು ಎಣಿಸಿ, ಸ್ವಲ್ಪ ಕೈಗಾವಲು ಇಟ್ಟುಕೊಂಡು, ಅಷ್ಟಾದ ಕೂಡಲೇ ಗನ್ ಕೀಳುವುದು. ಹಿಂದೆ ನಿಂತವರಿಗೂ ಅನುಕೂಲ. ವೈನಿಯವರ ಬುತ್ತಿಯ ಗಂಟು ಮಾತ್ರ ತಪ್ಪದೆ ಕಾರಿನಲ್ಲಿರುತ್ತದೆ. ಹೋದ ವಾರವೂ ಮಿರಜಿಗೆ ಹೋಗಿ ಬಂದೆವು. ಹೊತ್ತು ಇನ್ನೂ ಮಾರುದ್ದ ಇರುವಾಗಲೇ ಅಣ್ಣ ನಮ್ಮ ಪಡಸಾಲೆಯಲ್ಲಿ ಕುಳಿತು ಊಟ ಮಾಡಿದರು.