ಬಾಗಿ ನಡೆಯುವ ತಾಮ್ರ

ಮನುಷ್ಯನ ಕೈಯೊಡನೆ ಸಲುಗೆಯಿಂದ ವರ್ತಿಸುವ ಗುಣವು ಲೋಹಗಳಲ್ಲಿ ತಾಮ್ರಕ್ಕಿರುವಷ್ಟು ಮತ್ತೊಂದಕ್ಕಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಅರಭಾವಿಯ ಸೀಮೆಯಲ್ಲಿ ಬಚ್ಚಲಿನ ಹಂಡೆಯಾಗಿ, ನೀರಿನ ಕೊಡವಾಗಿ, ದೇವರ ಮುಂದಿನ ತಂಬಿಗೆಯಾಗಿ ತಾಮ್ರವು ತಲೆತಲಾಂತರದಿಂದ ಮನೆಯವರಲ್ಲೊಬ್ಬರಂತೆ ಬಾಳಿಬಂದಿದೆ. ಆದರೆ ನನ್ನ ಪ್ರೀತಿಯನ್ನು ಗೆದ್ದುದು ಈ ಪಾತ್ರೆಗಳಲ್ಲ. ಅಂಗಡಿಯಲ್ಲಿ ಸುರುಳಿ ಸುತ್ತಿಟ್ಟಿರುವ, ಕಿರುಬೆರಳಿಗಿಂತಲೂ ಸಣ್ಣ ಗಾತ್ರದ ತಾಮ್ರದ ಪೈಪು. ಅದನ್ನು ಬಗ್ಗಿಸುವುದು, ಅದರಲ್ಲಿಯೂ ಎರಡು ಕೈ ಒಟ್ಟಿಗೆ ಹೋಗದ ಸಂದಿಯಲ್ಲಿ ಬಗ್ಗಿಸಿ ಕೂಡಿಸುವುದು, ನನ್ನ ಬಿಡುವಿನ ವೇಳೆಯ ಪರಮಸುಖವಾಗಿದೆ.

ಈ ಸುಖಕ್ಕೆ ಹಳೆಯ ಮನೆಯೇ ಬೇಕು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಗೋಡೆಗೆ ಅಂಟಿಯೂ ಅಂಟದೆಯೂ ನಿಂತ ಕಟ್ಟಿಗೆಯ ಕಂಬ, ದೀಪವಿಡಲು ಕೊರೆದ ಮಾಡ, ಇವೆಲ್ಲವನ್ನೂ ಕಟ್ಟಿದ ಹಿರಿಯರು ಮುಂದೊಂದು ದಿನ ಹಿತ್ತಲಿನ ಸಿಲಿಂಡರಿನಿಂದ ಅಡಿಗೆಮನೆಯ ಕಟ್ಟೆಗೆ ಗ್ಯಾಸಿನ ಕೊಳವೆಯೊಂದು ಹಾಯಬೇಕಾದೀತೆಂದು ಎಣಿಸಿದವರಲ್ಲ. ಸಿಲಿಂಡರನ್ನು ಹೊರಗಿಟ್ಟು ನಮ್ಮ ಮನೆಗೆ ಈ ಕೊಳವೆಯನ್ನು ಎಳೆಯಲು ಹೊರಟಾಗ ಕಂಬಕ್ಕೂ ಗೋಡೆಗೂ ನಡುವೆ ಇದ್ದುದು ನಾಲ್ಕು ಬೆರಳಿನ ಎಡೆ. ನೋಡಲು ಬಂದ ನೆರೆಮನೆಯ ಕಾಕಾ, “ಇಷ್ಟ ಸಂದಿನ್ಯಾಗ ಹೆಂಗ ತಿರುವತಿಯೋ ತಮ್ಮಾ? ಎರಡ ಕಡಿ ಕತ್ತರಿಸಿ ಎಲ್ಬೋ ಹಾಕಿಬಿಡಲ್ಲ!” ಎಂದರು. ಕಾಕಾರ ಮಾತು ವ್ಯವಹಾರಕ್ಕೆ ಸರಿಯಾದುದೇ. ಆದರೆ ಕತ್ತರಿಸಿದ ಪ್ರತಿಯೊಂದು ಕಡೆಯಲ್ಲೂ ಎರಡು ಜೋಡಣೆಗಳು ಹುಟ್ಟುತ್ತವೆ. ಗ್ಯಾಸು ಸೋರುವುದಾದರೆ ಸಾಮಾನ್ಯವಾಗಿ ಜೋಡಣೆಯಲ್ಲಿಯೇ ಸೋರುತ್ತದೆ. ಆ ಗ್ಯಾಸಾದರೋ ಗಾಳಿಗಿಂತ ಭಾರವಾದುದರಿಂದ ಮೇಲೇರಿ ಹೋಗದೆ ನೆಲದ ಮಗ್ಗುಲಲ್ಲಿ ಸಂಚಯವಾಗುತ್ತದೆ. ಆದುದರಿಂದ ಬಗ್ಗಿಸಲು ಸಾಧ್ಯವಿರುವೆಡೆ ಕತ್ತರಿಸಬಾರದೆಂಬುದು ನಾನು ಹಿಡಿದ ವ್ರತ.

ಬಗ್ಗಿಸುವಾಗ ಲೋಹದೊಳಗೆ ನಡೆಯುವ ವ್ಯಾಪಾರವು ಅತ್ಯಂತ ಸ್ವಾರಸ್ಯವಾದುದು. ತಿರುವಿನ ಹೊರಮೈ ಹಿಗ್ಗಿ ತೆಳುವಾಗುತ್ತದೆ, ಒಳಮೈ ಕುಗ್ಗಿ ನಿರಿಗೆಗಟ್ಟಲು ಹವಣಿಸುತ್ತದೆ, ಇವೆರಡರ ಎಳೆದಾಟದಲ್ಲಿ ಆಸರೆಯಿಲ್ಲದ ಕೊಳವೆಯ ಉರುಟು ಕೆಟ್ಟು ಚಪ್ಪಟೆಯಾಗುತ್ತದೆ. ಅದಕ್ಕಾಗಿಯೇ ಮೈಮೇಲೆ ಉಕ್ಕಿನ ಸ್ಪ್ರಿಂಗನ್ನು ತೊಡಿಸುವುದು. ಅದಿಲ್ಲದ ಕಾಲದಲ್ಲಿ ಒಣಗಿದ ಉಸುಕನ್ನು ಒಳಗೆ ಬಿಗಿಯಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರು. ತಿರುವಿನ ತ್ರಿಜ್ಯವು ಕೊಳವೆಯ ಅಗಲದ ಮೂರು-ನಾಲ್ಕು ಪಟ್ಟಿಗಿಂತ ಕಿರಿದಾಗಬಾರದು. ಇನ್ನೊಂದು ವಿಶೇಷವೆಂದರೆ, ಬಗ್ಗಿಸಿದಷ್ಟೂ ತಾಮ್ರವು ಬಿರುಸಾಗುತ್ತ ಹೋಗುವುದು. ಮೊದಲ ಸಲ ಬೆರಳಿಗೆ ಮಣಿದುದು, ಮರಳಿ ನೆಟ್ಟಗಾಗಿಸಿ ಮತ್ತೆ ಬಗ್ಗಿಸುವಾಗ ಮೊಳಕೈಯ ಬಲವನ್ನು ಕೇಳುತ್ತದೆ. ಆಗ ಬರಿಯ ಕೊಳವೆಯನ್ನು ಹೊರಗೆ ಒಯ್ದು, ಬ್ಲೋಲ್ಯಾಂಪಿನ ಜ್ವಾಲೆಗೆ ಹಿಡಿದು ಮಂದವಾದ ಕೆಂಪು ಮೂಡುವವರೆಗೆ ಕಾಯಿಸಿದರೆ ಅದರ ಹಟವೆಲ್ಲ ಕರಗಿ ಮತ್ತೆ ಮೃದುವಾಗುತ್ತದೆ. ಕಾದ ಉಕ್ಕನ್ನು ನೀರಿಗದ್ದಿದರೆ ಅದು ಗಡುಸಾಗುತ್ತದೆ. ತಾಮ್ರವು ನೀರಿಗದ್ದಿದರೂ ಗಾಳಿಯಲ್ಲಿ ಆರಿದರೂ ಮೃದುವಾಗಿಯೇ ಉಳಿಯುತ್ತದೆ. ಆದರೆ ಅತಿಯಾಗಿ ಕಾಯಿಸಲಾಗದು; 1085 ಡಿಗ್ರಿ ಸೆಲ್ಸಿಯಸ್ಸಿಗೆ ಅದು ನೀರಾಗುವುದು, ಅದಕ್ಕೆ ಎಷ್ಟೋ ಮುಂಚೆಯೇ ಕಣಗಳು ಒರಟಾಗಿ ಸತ್ವಗುಂದುವುದು.

ಇಷ್ಟಾದರೂ ನಿಜವಾದ ಕೌಶಲವಿರುವುದು ಬಲದಲ್ಲಲ್ಲ, ಪೂರ್ವಾಲೋಚನೆಯಲ್ಲಿ. ನಾನು ಮೊದಲು ಮೆತ್ತನೆಯ ಬೈಂಡಿಂಗ್ ತಂತಿಯೊಂದನ್ನು ಕೊಳವೆ ಹಾಯಬೇಕಾದ ದಾರಿಯಲ್ಲೇ ಹಾಯಿಸಿ, ಕಂಬದ ಬೆನ್ನಿಗೆ ಒತ್ತಿ, ಕಟ್ಟೆಯ ಕೆಳಗೆ ಇಳಿಸಿ, ಮೆಲ್ಲನೆ ಹೊರತೆಗೆದು ಪಡಸಾಲೆಯ ಹಾಸುಗಲ್ಲಿನ ಮೇಲೆ ಇರಿಸುತ್ತೇನೆ. ಆ ತಂತಿಯ ಗುಂಟ ಸುಣ್ಣದ ಗೆರೆ ಎಳೆದು, ಗೆರೆಗೆ ಸರಿಯಾಗಿ ಪೈಪನ್ನು ಬಾಗಿಸುತ್ತೇನೆ. ಆದರೆ ಎರಡೂ ತುದಿಗಳನ್ನು ಬಾಗಿಸಿಬಿಟ್ಟರೆ ಅದು ಗೋಡೆಯ ರಂಧ್ರದಲ್ಲಿ ತೂರಲಾರದು. ಆದಕಾರಣ ಹಿತ್ತಲಿನ ಕಡೆಯ ತಿರುವನ್ನು ಹೊರಗೇ ಮುಗಿಸಿ, ನೆಟ್ಟಗಿನ ತುದಿಯನ್ನು ಗೋಡೆಯೊಳಗಿನ ಪ್ಲಾಸ್ಟಿಕ್ ಕೊಳವೆಯ ಮೂಲಕ ಒಳನುಗ್ಗಿಸಿ, ಉಳಿದ ತಿರುವನ್ನು ಆ ನಾಲ್ಕು ಬೆರಳಿನ ಎಡೆಯಲ್ಲಿ, ಕಣ್ಣಿಗೆ ಕಾಣದೆ, ಸ್ಪರ್ಶಮಾತ್ರದಿಂದ ಕೊಡಬೇಕು. ಹೆಬ್ಬೆರಳು ಒಳಮೈಯನ್ನು ಒತ್ತಿ ಹಿಡಿದಿರುವಾಗ ಅಂಗೈ ಹೊರತುದಿಯನ್ನು ತಡೆತಡೆದು ತಳ್ಳುತ್ತದೆ. ತಾಮ್ರವು ಸ್ವಲ್ಪ ಹಿಂದೆ ಚಿಮ್ಮುವುದರಿಂದ ಬೇಕಾದುದಕ್ಕಿಂತ ಒಂದೆಳೆ ಹೆಚ್ಚು ಬಾಗಿಸಿ ಬಿಡಬೇಕು. ಬಿಟ್ಟೊಡನೆ ಅದು ಕಂಬಕ್ಕೂ ಗೋಡೆಗೂ ತಾಗದೆ ತನ್ನ ಸ್ಥಾನದಲ್ಲಿ ನಿಂತುದು ಬೆರಳಿಗೆ ತಿಳಿದಾಗ ಆಗುವ ಸಂತೋಷವನ್ನು ನಾನು ಬೇರಾವ ಕೆಲಸದಲ್ಲೂ ಕಂಡಿಲ್ಲ.

ಅನಂತರ ಉಳಿಯುವುದು ತುದಿಗಳ ಸಂಸ್ಕಾರ. ಕಟರಿನಿಂದ ಕತ್ತರಿಸಿದ ಅಂಚಿನ ಒಳಗೆ ಎದ್ದ ಮುಳ್ಳನ್ನು ಕೆರೆದು ತೆಗೆದು, ಹಿತ್ತಾಳೆಯ ನಟ್ಟನ್ನು ಮೊದಲೇ ಪೋಣಿಸಿ, ಫ್ಲೇರಿಂಗ್ ಟೂಲಿನ ಶಂಕುವನ್ನು ತಿರುಗಿಸಿದಂತೆಲ್ಲ ಕೊಳವೆಯ ಬಾಯಿ ಉಮ್ಮತ್ತಿಯ ಹೂವಿನಂತೆ ಅರಳುತ್ತದೆ. ಅಂಚು ಸೀಳದೆ, ಮುಖ ನುಣುಪಾಗಿ ಅರಳಿದ್ದರೆ ನಟ್ಟಿಗೆ ಪಾನಾ ಹಾಕಿ ಹೆಚ್ಚು ಬಿಗಿಯುವ ಅವಶ್ಯಕತೆಯೇ ಬೀಳದು.

ಈ ಕಸುಬಿನ ವಂಶಾವಳಿಯೂ ಅಲ್ಪವಾದುದಲ್ಲ. ಈಜಿಪ್ಟಿನ ಅಬುಸೀರ್‌ನಲ್ಲಿ ಸಾಹುರೆ ಎಂಬ ಅರಸನ ಪಿರಮಿಡ್ಡಿನ ದೇವಾಲಯಕ್ಕೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ತಾಮ್ರದ ತಗಡನ್ನು ಬಡಿದು ಸುತ್ತಿ ಮಾಡಿದ ಮೋರಿಯ ಕೊಳವೆಗಳನ್ನು ಹಾಸಿದ್ದರು. ನಮ್ಮ ಕಡೆಗೆ ಬಂದರೆ, ಸುಮಾರು 52 ಮೀಟರು ಕೆಳಗೆ ಧುಮುಕುವ ಘಟಪ್ರಭೆಯ ನೀರನ್ನು ಕೊಳವೆಯಲ್ಲಿ ಹಿಡಿದು ಗೋಕಾಕ ಜಲಪಾತದ ಹತ್ತಿ ಗಿರಣಿಯನ್ನು ನಡೆಸಿದರು. ಆ ಭಾರಿ ಕೊಳವೆಗಳ ಮುಂದೆ ನನ್ನ ಪೈಪು ಎಷ್ಟರದು! ಆದರೂ ಹರಿಯುವುದಕ್ಕೊಂದು ದಾರಿ ಮಾಡಿಕೊಡುವ ಆ ಕುಲಕ್ಕೆ ನನ್ನ ಕೈಯೂ ಸೇರಿತೆಂಬ ಅಭಿಮಾನ ನನಗಿದೆ.

ಗ್ಯಾಸಿನ ಕೆಲಸವಾದ್ದರಿಂದ ಕಡೆಯ ಪರೀಕ್ಷೆಯನ್ನು ಏಜೆನ್ಸಿಯ ಮೆಕ್ಯಾನಿಕ್ಕನಿಗೇ ಒಪ್ಪಿಸಿದೆ. ಆತ ಒತ್ತಡ ಕೊಟ್ಟು, ಎರಡೂ ನಟ್ಟುಗಳಿಗೆ ಸಾಬೂನಿನ ನೀರು ಹಚ್ಚಿ, ಗುಳ್ಳೆ ಏಳದುದನ್ನು ನೋಡಿ, ನಡುವಿನ ಜೋಡಣೆ ಎಲ್ಲಿದೆಯೆಂದು ಕೇಳಿದನು. ನಡುವೆ ಜೋಡಣೆಯೇ ಇಲ್ಲವೆಂದಾಗ ಬ್ಯಾಟರಿ ಬಿಟ್ಟು ಕಂಬದ ಸಂದಿಯಲ್ಲಿ ಬಹಳ ಹೊತ್ತು ಇಣುಕಿದನು. ಮರುದಿನ ಕಾಕಾ ತಮ್ಮ ಅಡಿಗೆಮನೆಯ ಅಳತೆಯನ್ನು ಹಗ್ಗದಲ್ಲಿ ಗಂಟು ಹಾಕಿಕೊಂಡು ಬಂದರು.