ಆರನೇ ದಿನದ ತಲೆಯೆಣಿಕೆ

ಕಾಸರಗೋಡಿನವರು ಬೆಂಗಳೂರಿನಲ್ಲಿ ಮನೆ ಮಾಡುವಾಗ ಕುಕ್ ಟೌನಿನಂಥ ಕಡೆ ಬಂದು ಬಿದ್ದರೆ ಊರು ಬಿಟ್ಟ ಹಾಗೇ ಆಗುವುದಿಲ್ಲ. ಇದು ಸೇರಿದ್ದ ದಂಡು ಪ್ರದೇಶ ಬ್ರಿಟಿಷರಿಂದ ಮೈಸೂರು ಸಂಸ್ಥಾನದ ಕೈಗೆ ವಾಪಸು ಬಂದದ್ದೇ 1947ರಲ್ಲಿ. ಪೇಟೆಯೂ ದಂಡೂ ಸೇರಿ ಒಂದೇ ಕಾರ್ಪೊರೇಶನ್ ಆದದ್ದು 1949ರಲ್ಲಿ. ನಡೆದಾಡುವುದು ಮಿಲ್ಟನ್ ಸ್ಟ್ರೀಟಿನಲ್ಲಿ, ಓಟು ಹಾಕುವುದು ಸರ್ವಜ್ಞನಗರ ಕ್ಷೇತ್ರದಲ್ಲಿ. ಹೂವಿನವಳದ್ದು ತಮಿಳು, ಇಸ್ತ್ರಿಯವನದ್ದು ತೆಲುಗು, ಬೇಕರಿಯವನದ್ದು ಮಲಯಾಳ. ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಆಂಟಿ ನಮ್ಮ ಹತ್ತಿರ ಇಂಗ್ಲಿಷ್ ಆಡಿ, ತರಕಾರಿ ಗಾಡಿ ಬಂದ ಕೂಡಲೇ ತಮಿಳಿಗೆ ಹೊರಳುತ್ತಾರೆ. ನಿವೃತ್ತಿಯಾದ ಮೇಲೆ ನಮ್ಮ ಜೊತೆ ಇರಲು ಬಂದ ಅಮ್ಮನಿಗೆ ಇದರಲ್ಲಿ ಹೊಸತೆಂಬುದು ಏನೂ ಕಾಣಲಿಲ್ಲ. ಬಿ.ಪಿ. ನೋಡಿಸಲು ಹೋದ ಮೊದಲ ದಿನವೇ ಕ್ಲಿನಿಕ್ಕಿನ ನರ್ಸಿನ ಊರು, ತಾಯಿಯ ಮಂಡಿನೋವು, ಅಣ್ಣ ದುಬೈಯಿಂದ ಫೋನು ಮಾಡದಿರುವುದು ಎಲ್ಲವನ್ನೂ ಮಲಯಾಳದಲ್ಲಿ ವಿಚಾರಿಸಿ ಬಂದಳು. ಬಿ.ಪಿ. ಎಷ್ಟು ಎಂದರೆ ನೆನಪಿಲ್ಲ.

ಅಮ್ಮ ಕಲಿಸಿದ್ದು ಕುಂಬಳೆ ಉಪಜಿಲ್ಲೆಯ ಒಂದು ಅನುದಾನಿತ ಎಲ್.ಪಿ., ಅಂದರೆ ಕಿರಿಯ ಪ್ರಾಥಮಿಕ, ಶಾಲೆಯಲ್ಲಿ. ಒಂದರಿಂದ ನಾಲ್ಕು, ಕನ್ನಡ ಮಾಧ್ಯಮ. ತರಬೇತಿ ಆದದ್ದು ಮಾಯಿಪ್ಪಾಡಿಯಲ್ಲಿ. ಶಾಲೆ ಮ್ಯಾನೇಜರರದ್ದು, ಸಂಬಳ ಸರ್ಕಾರದ್ದು. ಜೋಸೆಫ್ ಮುಂಡಶ್ಶೇರಿಯವರು ಶಿಕ್ಷಣ ಮಂತ್ರಿಯಾಗಿದ್ದಾಗ 1957ರಲ್ಲಿ ಮಂಡಿಸಿದ ಮಸೂದೆಯಿಂದಾಗಿ ಕೇರಳದ ಖಾಸಗಿ ಅನುದಾನಿತ ಶಾಲೆಗಳ ಟೀಚರುಗಳಿಗೆ ಸರ್ಕಾರವೇ ನೇರ ಸಂಬಳ ಕೊಡುವ ಏರ್ಪಾಡಾಯಿತು. ಕೇರಳವನ್ನು ಬೈಯುವ ದಿನ ಇದನ್ನೂ ಒಮ್ಮೆ ಹೇಳಬೇಕು ಎಂದು ಅಮ್ಮನ ಹಟ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋದದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗದ ವರದಿ ಹೇಳಿದ್ದು, ಅದು ಕಡತದಲ್ಲೇ ಉಳಿದದ್ದು ನಮ್ಮ ಕಡೆ ಎಳೆಯರಿಗೂ ಬಾಯಿಪಾಠ. ಅದರ ಮೇಲೆ ಬೆಂಗಳೂರಿನ ವೇದಿಕೆಗಳಲ್ಲಿ ಆಗುವಷ್ಟು ಭಾಷಣ ಅಮ್ಮನ ಶಾಲೆಯ ಸ್ಟಾಫ್ ರೂಮಿನಲ್ಲಿ ಆಗುತ್ತಿರಲಿಲ್ಲ. ಅಲ್ಲಿ ಹೆದರಿಕೆ ಬೇರೆ ಇತ್ತು.

ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಆ ದಿನದ ಸಂಖ್ಯೆಯ ಮೇಲೆ ಡಿವಿಷನ್ ಎಷ್ಟು, ಟೀಚರು ಎಷ್ಟು ಎಂಬ ತೀರ್ಮಾನ. ಕೆಲವು ಮಕ್ಕಳು ಕಡಿಮೆಯಾದರೆ ‘ಡಿವಿಷನ್ ಬಿತ್ತು’ ಎನ್ನುತ್ತಾರೆ. ಡಿವಿಷನ್ನಿನ ಜೊತೆಗೆ ಒಂದು ಹುದ್ದೆಯೂ ಬೀಳುತ್ತದೆ. ಹಾಗಾಗಿ ಅಮ್ಮನಿಗೆ ಮೇ ತಿಂಗಳು ರಜೆಯೇ ಅಲ್ಲ. ಹಪ್ಪಳ ಒತ್ತುವ, ಉಪ್ಪಿನಕಾಯಿಯ ಮಿಡಿ ತರುವ ದಿನಗಳಲ್ಲಿ ಅವಳು ಕಪ್ಪು ಕೊಡೆ ಹಿಡಿದು ತೋಟ, ಗುಡ್ಡ ಹತ್ತಿಳಿಯುತ್ತಿದ್ದಳು. ಒಂದು ಮನೆಯ ಜಗಲಿಯಲ್ಲಿ ತುಳು, ಮುಂದಿನ ಮನೆಯಲ್ಲಿ ಬ್ಯಾರಿ, ಗುಡ್ಡದ ಮೇಲೆ ಮರಾಟಿಯವರ ಮನೆಯಲ್ಲಿ ಮುಗುಳ್ನಗೆ ಮತ್ತು ಅರ್ಧ ತುಳು. ಹೇಳುವುದು ಮಾತ್ರ ಒಂದೇ: “ನಿಮ್ಮ ಮಗುವನ್ನು ನನ್ನ ಕ್ಲಾಸಿಗೆ ಕಳಿಸಿ, ನಾನು ನೋಡಿಕೊಳ್ಳುತ್ತೇನೆ.” ಕನ್ನಡ ಮಾಧ್ಯಮದ ಆ ಕ್ಲಾಸಿನಲ್ಲಿ ಮನೆಮಾತು ಕನ್ನಡವೇ ಆದ ಮಕ್ಕಳು ಬೆರಳೆಣಿಕೆಯಷ್ಟು. ಊರಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಅಮ್ಮ ಪಾಯಸ ಉಣ್ಣುತ್ತಲೇ ಐದು ವರ್ಷ ಮುಂದಿನ ಜೂನನ್ನು ಲೆಕ್ಕ ಹಾಕುತ್ತಿದ್ದಳು.

ಜೂನ್ ಎಂದರೆ ನಮ್ಮಲ್ಲಿ ಕುಂಭದ್ರೋಣ ಮಳೆ. ತೋಡಿನ ಮೇಲೆ ಎರಡು ಅಡಿಕೆಮರ ಅಡ್ಡ ಹಾಕಿದ ಸಂಕ, ಹಿಡಿಯಲು ಒಂದು ಬಿದಿರು. ಆರನೇ ದಿನ ಅಮ್ಮ ಗಂಟೆ ಹೊಡೆಯುವ ಎಷ್ಟೋ ಮೊದಲೇ ಹೋಗಿ ಆ ಸಂಕದ ತುದಿಯಲ್ಲಿ ನಿಲ್ಲುತ್ತಿದ್ದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಒಂದು ಕೈಯಲ್ಲಿ ಬಿದಿರು, ಇನ್ನೊಂದು ಕೈಯಲ್ಲಿ ಒಂದೊಂದೇ ಮಗುವಿನ ರಟ್ಟೆ. ಜ್ವರ ಎಂದು ಮಲಗಿದ ಹುಡುಗನನ್ನು ಅವನ ಮಾವ ಹೆಗಲ ಮೇಲೆ ಹೊತ್ತು ತಂದು, ತಲೆ ಎಣಿಸಿ ಆದ ಮೇಲೆ ಹಾಗೆಯೇ ಹೊತ್ತು ಒಯ್ದದ್ದನ್ನು ನಾನು ಕಂಡಿದ್ದೇನೆ. ಮಧ್ಯಾಹ್ನ ಗಂಜಿ, ಹೆಸರುಕಾಳಿನ ಪಲ್ಯ ಇತ್ತು. ಅದು ಕಟ್ಟಿಹಾಕಿದಷ್ಟು ಮಕ್ಕಳನ್ನು ಯಾವ ನಾಡಗೀತೆಯೂ ಕಟ್ಟಿಹಾಕಲಿಲ್ಲ.

ಆ ಲೆಕ್ಕದಲ್ಲಿ ನಾನೂ ತಮ್ಮನೂ ಎರಡು ತಲೆ. ಬೆಳಿಗ್ಗೆ ಮನೆಯಲ್ಲಿ ‘ಅಮ್ಮಾ, ನೀನು’ ಎಂದವರು ಹತ್ತು ಗಂಟೆಗೆ ‘ಟೀಚರ್, ನೀವು’ ಎನ್ನಬೇಕು. ಬಾಯಿ ತಪ್ಪಿದರೆ ಕ್ಲಾಸು ನಗುತ್ತಿತ್ತು, ಟೀಚರು ನಗುತ್ತಿರಲಿಲ್ಲ. ಸ್ವಂತ ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಹಾಕಿ ಇತರರ ಮಕ್ಕಳನ್ನು ಕನ್ನಡಕ್ಕೆ ಕರೆಯುವ ಮುಖ ತನಗಿಲ್ಲ ಎನ್ನುತ್ತಿದ್ದಳು. ಆದರೆ ಮಕ್ಕಳ ಹೊಟ್ಟೆಪಾಡು ಆದರ್ಶದಿಂದ ನಡೆಯುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ರಾತ್ರಿ ಊಟವಾದ ಮೇಲೆ ಚಿಮಿಣಿ ದೀಪದಲ್ಲಿ ನಮಗೆ ಮಲಯಾಳ ಅಕ್ಷರ. ಇಲಾಖೆಯ ಸುತ್ತೋಲೆ ಮಲಯಾಳದಲ್ಲಿ, ತರಬೇತಿ ಮಲಯಾಳದಲ್ಲಿ. ತೊಂಬತ್ತರ ದಶಕದಲ್ಲಿ ಡಿ.ಪಿ.ಇ.ಪಿ. ಎಂಬ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಕೇರಳದಲ್ಲಿ ಮೊದಲು ಬಂದ ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಆಗ ಕೈಗೆ ಸಿಕ್ಕಿದ ಮಲಯಾಳದ ಕೈಪಿಡಿಯ ಅಂಚಿನಲ್ಲಿ ಅಮ್ಮ ಸೀಸದ ಕಡ್ಡಿಯಿಂದ ಕನ್ನಡ ಬರೆದುಕೊಳ್ಳುತ್ತಿದ್ದಳು. ಮರುದಿನದ ಪಾಠ ಆ ಅಂಚಿನಿಂದಲೇ. ಈ ಕೆಲಸಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ.

ಗಡಿನಾಡಿನ ಕನ್ನಡ ಎಂದರೆ ಬೆಂಗಳೂರಿಗೆ ಕಯ್ಯಾರ ಕಿಞ್ಞಣ್ಣ ರೈಯವರು ನೆನಪಾಗುತ್ತಾರೆ, ಆಗಲೇಬೇಕು. ಪೆರಡಾಲದಲ್ಲಿ ಮಾಸ್ಟ್ರಾಗಿದ್ದು, ಕವಿಯಾಗಿ, ಕೃಷಿಕರಾಗಿ, ಚಳವಳಿಗಾರರಾಗಿ ನೂರು ವರ್ಷ ಬಾಳಿದವರು. ಈಚಿನವರಿಗೆ ರಿಷಬ್ ಶೆಟ್ಟಿಯವರ 2018ರ ಸಿನಿಮಾ, ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’. ಕನ್ನಡ ಬಾರದ ಮಾಸ್ಟ್ರು ಕನ್ನಡ ಶಾಲೆಗೆ ಬರುವ ಆ ಕತೆಯನ್ನು ಅಮ್ಮ ಥಿಯೇಟರಿನಲ್ಲಿ ನೋಡಿ ಹೊಟ್ಟೆ ಹಿಡಿದು ನಕ್ಕಳು. ಹೊರಗೆ ಬಂದು ಕೇಳಿದ್ದು ಇಷ್ಟೇ: “ಅಷ್ಟು ದೊಡ್ಡ ಶಾಲೆಯಲ್ಲಿ ಹೆಂಗಸು ಟೀಚರು ಮೇ ತಿಂಗಳಲ್ಲಿ ಮನೆಮನೆಗೆ ಹೋದದ್ದು ಎಲ್ಲಿ ತೋರಿಸಿದರು?” ನನಗೂ ಆ ಸಂಶಯ ಉಂಟು. ಹೋರಾಟಕ್ಕೆ ಮೈಕ್ ಇರುತ್ತದೆ, ಹಾಜರಿ ಪುಸ್ತಕಕ್ಕೆ ಇರುವುದಿಲ್ಲ.

ಇನ್ನೊಂದು ಮಾತು, ನಮ್ಮವರಿಗೆ ಹಿಡಿಸಲಿಕ್ಕಿಲ್ಲ. ಶಾಲೆಗಳಲ್ಲಿ ಕನ್ನಡ ಕಡ್ಡಾಯ ಮಾಡುವ ಕರ್ನಾಟಕದ ಕಾಯ್ದೆ 2015ರದ್ದು, ಮಲಯಾಳ ಕಡ್ಡಾಯ ಮಾಡುವ ಕೇರಳದ ಕಾಯ್ದೆ 2017ರದ್ದು. ಎರಡನೆಯದನ್ನು ಕಾಸರಗೋಡಿನಲ್ಲಿ ವಿರೋಧಿಸಿದ ನಾವು ಮೊದಲನೆಯದಕ್ಕೆ ಇಲ್ಲಿ ಚಪ್ಪಾಳೆ ತಟ್ಟುತ್ತೇವೆ. ಕಾರಣಗಳು ಇವೆ, ಹೇಳಲೂ ಬರುತ್ತದೆ. ಆದರೂ ಕುಕ್ ಟೌನಿನ ತಮಿಳು ಮನೆಯ ಮಗು ಕನ್ನಡದ ಒತ್ತಕ್ಷರದ ಮುಂದೆ ಕಣ್ಣೀರು ಹಾಕುವುದನ್ನು ಕಂಡಾಗ ನನ್ನ ಚಪ್ಪಾಳೆ ಸ್ವಲ್ಪ ನಿಧಾನವಾಗುತ್ತದೆ.

ಆ ಮಗು ನಮ್ಮಲ್ಲಿ ಕೆಲಸಕ್ಕೆ ಬರುವಾಕೆಯ ಮಗಳು. ಇಂಗ್ಲಿಷ್ ಮೀಡಿಯಂ, ಎರಡನೇ ಭಾಷೆ ಕನ್ನಡ. ಸಂಜೆ ಅಮ್ಮನ ಹತ್ತಿರ ಕೂರುತ್ತಾಳೆ. ಅಮ್ಮನಿಗೆ ತಮಿಳು ಬಾರದು, ಕನ್ನಡದಲ್ಲಿ ಅರ್ಥವಾಗದ್ದನ್ನು ಮಲಯಾಳದಲ್ಲಿ ಹೇಳುತ್ತಾಳೆ. ಹುಡುಗಿ ಅದನ್ನು ತಮಿಳೆಂದೇ ತಿಳಿದು ತಲೆಯಾಡಿಸುತ್ತಾಳೆ. ಮೊದಲ ದಿನ ಹುಡುಗಿಯ ತಾಯಿ ಫೀಸು ಎಷ್ಟು ಎಂದು ಕೇಳಿದರೆ ಅಮ್ಮ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಹುಡುಗಿಯ ಕಡೆ ತಿರುಗಿ, “ನಿನ್ನ ಕ್ಲಾಸಿನಲ್ಲಿ ಎಷ್ಟು ಮಕ್ಕಳು?” ಎಂದಳು.

“ಐವತ್ತೆರಡು.”

“ಮತ್ತೆ ನಿನ್ನ ಮಿಸ್ಸಿಗೆ ಎಂತ ಹೆದರಿಕೆ ಮಾರಾಯ್ತಿ!” ಎಂದು ಪುಸ್ತಕ ತೆಗೆಯಲು ಹೇಳಿದಳು.