ಮುಟ್ಟದೆ ಆಡಲಾಗದ ಆಟ

ನಮ್ಮ ಮೈ ಕಲಿತ ಮೊದಲ ಪಟ್ಟು ಬಗ್ಗುವುದು. ಅದನ್ನು ಯಾವ ಉಸ್ತಾದನೂ ಹೇಳಿಕೊಡಲಿಲ್ಲ. ಗೌಡರ ಜಗಲಿ ಮುಂದೆ ಹಾಯುವಾಗ ಅಪ್ಪನ ಬೆನ್ನು ಬಗ್ಗುತ್ತಿತ್ತು, ಹಿಂದೆ ನಡೆಯುತ್ತಿದ್ದ ನಮ್ಮ ಬೆನ್ನೂ ತಾನಾಗೇ ಬಗ್ಗಿತು. ಎಸ್ಸೆಸ್ಸೆಲ್ಸಿ ಆಯ್ತು, ಪಿಯುಸಿ ಆಯ್ತು, ಕೇರಿಯ ನಮ್ಮ ಮನೆಗಳಿಗೆ ಮೊದಲ ಸಲ ಡಿಗ್ರಿ ಅನ್ನುವ ಕಾಗದ ಬಂತು. ತಲೆಯೊಳಕ್ಕೆ ಬಾಬಾಸಾಹೇಬರು ಬಂದರು, ಫುಲೆ ಬಂದರು. ಆದರೂ ಸಾಲ ಕೇಳಲು ಬ್ಯಾಂಕಿಗೆ ಹೋದರೆ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದೆವು. ಸಂದರ್ಶನಕ್ಕೆ ಹೋದರೆ ಕೈ ಎರಡೂ ತೊಡೆ ಸಂದಿಗೆ ಇಳಿದುಬಿಡುತ್ತಿದ್ದವು. ತಲೆ ಓದಿತ್ತು, ಬೆನ್ನು ಓದಿರಲಿಲ್ಲ.

ಬೆನ್ನಿಗೂ ಒಂದು ಇಸ್ಕೂಲು ಬೇಕು ಅಂತ ನಾವು ಆರು ಜನ, ನಾಲ್ವರು ಹುಡುಗರು ಇಬ್ಬರು ಹುಡುಗಿಯರು, ಜೂಡೋ ಕಲಿಯಲು ಹೋದೆವು. ಎಲ್ಲರಿಗೂ ಇಪ್ಪತ್ನಾಲ್ಕು ದಾಟಿತ್ತು. ಒಬ್ಬ ಅತಿಥಿ ಉಪನ್ಯಾಸಕ, ಒಬ್ಬ ಕೊರಿಯರ್ ಹಂಚುವವನು, ಒಬ್ಬಳು ಗಾರ್ಮೆಂಟ್ಸಿಗೆ ಹೋಗುವವಳು, ಉಳಿದವರು ಕೆಲಸ ಹುಡುಕುವವರು, ಜೊತೆಗೆ ಕವಿತೆ ಬರೆಯುವವರು. ‘ಮೈಸೂರು ಸೀಮೆಯವರು, ಗರಡಿಗೆ ಹೋಗಬಾರದಿತ್ತೆ?’ ಅಂತ ಕೆಲವರು ಕೇಳಿದರು. ನಮ್ಮೂರಿನ ಗರಡಿಗೆ ಕೆಮ್ಮಣ್ಣು ಹೊತ್ತು ಹಾಕಿದವರು ನಮ್ಮ ತಾತಂದಿರು. ಆ ಮಣ್ಣು ಹದವಾಗಿ ಅರಿಶಿನ, ಮಜ್ಜಿಗೆ ಕಂಡ ಮೇಲೆ ಅದರ ಮೇಲೆ ಕಾಲಿಡುವ ಹಕ್ಕು ಅವರಿಗಿರಲಿಲ್ಲ. ಎಲ್ಲ ಗರಡಿಯೂ ಹಾಗಿಲ್ಲ, ನಮ್ಮೂರಿನದು ಹಾಗಿತ್ತು. ಪಟ್ಟಣದ ಒಳಾಂಗಣದಲ್ಲಿ ಸಂಜೆ ಜೂಡೋ ಹೇಳಿಕೊಡುವ ಮೇಡಂ ಒಬ್ಬರು ಜಾತಿ ಕೇಳಲಿಲ್ಲ, ವಯಸ್ಸು ಕೇಳಿದರು. ‘ಲೇಟಾಯ್ತು, ಆದ್ರೂ ಪರವಾಗಿಲ್ಲ, ಬನ್ನಿ’ ಅಂದರು.

ಅಲ್ಲಿಯೂ ಮೊದಲ ಪಾಠ ಬಗ್ಗುವುದೇ! ನಮಗೆ ಮೈ ಉರಿಯಿತು. ಆದರೆ ನೋಡಿದರೆ ಎದುರಿಗೆ ನಿಂತವನೂ ಬಗ್ಗುತ್ತಾನೆ. ನಾವು ಎಷ್ಟು ಬಗ್ಗಿದರೆ ಅವನೂ ಅಷ್ಟೇ. ಎದುರಾಳಿ ಡಿವೈಎಸ್ಪಿ ಮಗನಾದರೂ ಅಷ್ಟೇ. ಆಟ ಶುರುವಿಗೂ ಮುಗಿತಾಯಕ್ಕೂ ಇದು ತಪ್ಪುವಂತಿಲ್ಲ. ಜಪಾನೀಯರು ಇದಕ್ಕೆ ‘ರೇ’ ಅನ್ನುತ್ತಾರೆ. ನಾವು ಹುಟ್ಟಿದಾಗಿನಿಂದ ಹಾಕಿದ ನಮಸ್ಕಾರಗಳಿಗೆ ತಿರುಗಿ ನಮಸ್ಕಾರ ಬಂದಿರಲಿಲ್ಲ. ಬಗ್ಗುವುದರಲ್ಲಿ ಅವಮಾನವಿಲ್ಲ, ಒಬ್ಬನೇ ಬಗ್ಗುವುದರಲ್ಲಿ ಅವಮಾನವಿದೆ ಅನ್ನುವುದು ಆವತ್ತು ಮೈಗೆ ತಿಳಿಯಿತು.

ಆಮೇಲೆ ಹಿಡಿತ. ಒಂದು ಕೈಯಲ್ಲಿ ಎದುರಿನವನ ಕೊರಳಪಟ್ಟಿ, ಇನ್ನೊಂದು ಕೈಯಲ್ಲಿ ಅವನ ತೋಳಿನ ಬಟ್ಟೆ. ಹಿಡಿಯದೆ ಜೂಡೋ ಇಲ್ಲ. ಎದೆಗೆ ಎದೆ ತಾಗಬೇಕು, ಅವನ ಬೆವರು ನಮ್ಮ ಮುಖಕ್ಕೆ ಹತ್ತಬೇಕು, ನಮ್ಮ ಸೊಂಟದ ಮೇಲೆ ಅವನು ಉರುಳಬೇಕು. ಕೊರಳಪಟ್ಟಿಗೆ ಕೈ ಹಾಕುವುದು ಅಂದ್ರೆ ನಮ್ಮ ಕಡೆ ಜಗಳದ ಮೊದಲ ಅಕ್ಷರ. ಅದೂ ಅವರು ನಮ್ಮ ಕೊರಳಿಗೆ ಹಾಕಬಹುದು, ನಾವು ಅವರ ಕೊರಳಿಗಲ್ಲ. ಮೊದಲ ತಿಂಗಳು ನಮ್ಮ ಕೈ ಆ ಬಿಳಿ ಬಟ್ಟೆ ಹಿಡಿಯಲು ಹಿಂಜರಿಯುತ್ತಿತ್ತು. ಮೇಡಂ ಗದರುತ್ತಿದ್ದರು: ‘ಏನ್ರೋ, ಹೂವು ಹಿಡಿದಂಗೆ ಹಿಡಿತೀರ? ಮುಟ್ಟಿದ್ರೆ ತಾನೇ ಅವನ ಭಾರ ಎಲ್ಲಿದೆ ಅಂತ ಗೊತ್ತಾಗೋದು!’ ಅವರು ಹೇಳಿದ್ದು ಬರೀ ಆಟದ ಮಾತು. ನಮಗೆ ಅದು ಇಡೀ ದೇಶಕ್ಕೆ ಹೇಳಿದ ಮಾತಿನಂತೆ ಕೇಳಿಸಿತು. ಮುಟ್ಟದೆ ಎರಡು ಸಾವಿರ ವರ್ಷ ಕಳೆದ ಜನಕ್ಕೆ ಎದುರಿನವನ ಭಾರ ಹೇಗೆ ಗೊತ್ತಾಗಬೇಕು?

ಎಸೆಯುವುದನ್ನು ಕಲಿಸಲು ತಿಂಗಳುಗಟ್ಟಲೆ ಕಾಯಿಸಿದರು. ಮೊದಲು ಬೀಳುವುದು. ಉಕೆಮಿ ಅಂತ ಅದರ ಹೆಸರು. ಹಿಂದಕ್ಕೆ ಬಿದ್ದರೆ ಗದ್ದವನ್ನು ಎದೆಗೆ ಆನಿಸಬೇಕು, ಕಣ್ಣು ಸ್ವಂತ ಬೆಲ್ಟಿನ ಗಂಟಿನ ಮೇಲಿರಬೇಕು. ಹಾಗಿದ್ದರೆ ತಲೆ ನೆಲಕ್ಕೆ ಬಡಿಯದು. ಬೆನ್ನು ಮ್ಯಾಟಿಗೆ ತಾಗುವ ಗಳಿಗೆಯಲ್ಲೇ ಎರಡೂ ತೋಳು ನೆಲಕ್ಕೆ ಬಡಿಯಬೇಕು, ಅಂಗೈ ಕೆಳಗೆ, ತೋಳು ಮೈಯಿಂದ ಸುಮಾರು 45 ಡಿಗ್ರಿ ದೂರ. ಬಿದ್ದ ಪೆಟ್ಟು ಒಂದೇ ಮೂಳೆಗೆ ಹೋಗದೆ ತೋಳು ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಬೀಳುವಾಗ ಕೈಯೂರಿದರೆ ಮಣಿಕಟ್ಟೋ ಮೊಣಕೈಯೋ ಮುರಿಯುತ್ತದೆ. ನಮ್ಮ ಅರ್ಧ ಎತ್ತರದ ಮಕ್ಕಳು ಬುಗುರಿಯಂತೆ ಉರುಳಿ ಎದ್ದು ನಿಲ್ಲುತ್ತಿದ್ದವು. ನಾವು ಗೋಣಿಚೀಲದಂತೆ ದೊಪ್ಪನೆ ಬೀಳುತ್ತಿದ್ದೆವು. ಹತ್ತು ವರ್ಷದ ಒಂದು ಹುಡುಗಿ ಬಂದು ‘ಅಣ್ಣ, ಉಸಿರು ಬಿಗಿಹಿಡೀಬೇಡಿ, ಬಿಡಿ’ ಅಂತ ಹೇಳಿಕೊಟ್ಟಳು.

ಮನೆಯಲ್ಲಿ ನಗು. ನಮ್ಮಲ್ಲೊಬ್ಬನ ಅವ್ವ ಅಂದಳು: ‘ದುಡ್ಡು ಕೊಟ್ಟು ಬೀಳಕ್ಕೋಯ್ತಿಯಲ್ಲ ಮಗ, ನಿಮ್ಮಪ್ಪ ಪುಕ್ಸಟ್ಟೆ ಬೀಳ್ತಿದ್ದ!’ ನಕ್ಕೆವು. ಆದರೆ ಆ ಅಪ್ಪ ಲಾರಿಯಿಂದ ಮೂಟೆ ಇಳಿಸುವಾಗ ಬಿದ್ದು ಸೊಂಟ ಕಳೆದುಕೊಂಡವನು. ಅವನಿಗೆ ಯಾರೂ ಬೀಳುವುದನ್ನು ಕಲಿಸಿರಲಿಲ್ಲ.

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಅಪ್ಪಂದಿರು ದಿನವೆಲ್ಲ 50 ಕೆ.ಜಿ. ಮೂಟೆ ಹೊತ್ತರು, ಮಣ್ಣು ಅಗೆದರು, ಕಬ್ಬು ಕಡಿದರು. ಅದೂ ಕಸರತ್ತೇ. ಹಾಗಾದರೆ ಪೈಲ್ವಾನನ ಮೈ ಯಾಕೆ ತುಂಬಿತು, ಅಪ್ಪನ ಮೈ ಯಾಕೆ ಸವೆಯಿತು? ಮೇಡಂ ವಿವರಿಸಿದರು: ಕಸರತ್ತು ಮಾಡುವಾಗ ಮೈ ಬೆಳೆಯುವುದಿಲ್ಲ, ದಣಿಯುತ್ತದೆ. ಬೆಳೆಯುವುದು ಆಮೇಲೆ ಸಿಗುವ ಊಟ ನಿದ್ದೆಗಳಲ್ಲಿ. ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು, ನಡುವೆ ಬಿಡುವು ಇರಬೇಕು, ತಟ್ಟೆಯಲ್ಲಿ ಅನ್ನದ ಜೊತೆ ಸಾರಾಂಶವಿರಬೇಕು. ಈ ಮೂರರಲ್ಲಿ ಅಪ್ಪನಿಗೆ ಸಿಕ್ಕಿದ್ದು ಭಾರ ಒಂದೇ. ಅದೂ ಏರಿಸಿದ್ದಲ್ಲ, ಹೇರಿದ್ದು. ‘ದುಡಿಯೋ ಮೈಗೆ ವ್ಯಾಯಾಮ ಯಾಕೆ’ ಅನ್ನುವವರು ಇದನ್ನು ತಿಳಿಯಬೇಕು. ದುಡಿಮೆ ಮೈಯನ್ನು ಖರ್ಚು ಮಾಡುತ್ತದೆ, ತಾಲೀಮು ಮೈಯಲ್ಲಿ ಕೂಡಿಡುತ್ತದೆ.

ತಟ್ಟೆಯ ಲೆಕ್ಕವನ್ನೂ ಹೇಳಿಬಿಡೋಣ. 60 ಕೆ.ಜಿ. ತೂಗುವ ಆಳಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು, ತಾಲೀಮು ಮಾಡುವವನಿಗೆ ಇನ್ನೂ ಹೆಚ್ಚು. ಒಂದು ಮೊಟ್ಟೆಯಲ್ಲಿ 6 ಗ್ರಾಂ. ನೂರು ಗ್ರಾಂ ಹುರುಳಿಯಲ್ಲಿ 20ಕ್ಕಿಂತ ಹೆಚ್ಚು. ಜೀತಕ್ಕಿದ್ದ ನಮ್ಮ ತಾತ ಒಡೆಯನ ಎತ್ತಿಗೆ ದಿನಾ ಹುರುಳಿ ಬೇಯಿಸಿ ಇಡುತ್ತಿದ್ದ. ಎತ್ತು ತಿಂದು ಗಟ್ಟಿಯಾಯಿತು, ತಾತ ಅದರ ಕಟ್ಟು ಕುಡಿದ. ಬಡವನಿಗೆ ಕಡಿಮೆ ದುಡ್ಡಿಗೆ ಸಿಗುತ್ತಿದ್ದ ದನದ ಮಾಂಸಕ್ಕೆ 2020ರ ಕಾಯ್ದೆ ಬಂತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಕಡೆಯ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡ ಅಂದರು. ಮಕ್ಕಳು ಬೇಕು ಅಂದವು. ಮಕ್ಕಳ ಮಾತು ಗೆದ್ದಿತು. ಬಿಸಿಯೂಟ ಬಡಿಸುವ ಮೇಷ್ಟ್ರುಗಳೇ, ನೀವು ಆ ಮೊಟ್ಟೆಯನ್ನು ಎಣಿಸಿ ಕೊಡುವಾಗ ಒಂದು ಬೆನ್ನೆಲುಬನ್ನು ಎಣಿಸುತ್ತಿದ್ದೀರಿ ಅಂತ ನೆನಪಿಡಿ.

ಇಪ್ಪತ್ತೈದರ ಮೈ ಹತ್ತರ ಮೈಯಲ್ಲ. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟಿರುವ ನರದಂಥ ಹುರಿಗಳು ನಿಧಾನ. ಹುಮ್ಮಸ್ಸಿನಲ್ಲಿ ಹಾರಿದರೆ ಮಂಡಿ ಹೋಗುತ್ತದೆ. ಹಾಗಾಗಿ ವಾರಕ್ಕೆ ಮೂರು ಸಂಜೆ, ಒಂದೊಂದು ಗಂಟೆ. ಅರ್ಧ ಗಂಟೆ ಮೈ ಬಿಸಿ ಮಾಡುವುದು ಮತ್ತು ಬೀಳುವುದು, ಉಳಿದಿದ್ದು ಉಚಿಕೋಮಿ, ಅಂದರೆ ಎಸೆಯದೆ ಎಸೆಯುವ ಹಂತದವರೆಗೆ ಹೋಗಿ ಹೋಗಿ ಬರುವುದು. ಒಂದೇ ಹೆಜ್ಜೆ ನೂರು ಸಲ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆವರಿಸಬೇಕು, ಎರಡು ದಿನ ಸ್ನಾಯು ಬಲಿಸುವ ಕೆಲಸ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮದು ಅದಕ್ಕೆ ಸರಿಹೋಗುತ್ತದೆ. ಎರಡು ವರ್ಷಕ್ಕೆ ನಾಲ್ವರಿಗೆ ಹಳದಿ ಬೆಲ್ಟು, ಇಬ್ಬರಿಗೆ ಕಿತ್ತಳೆ. ಕಿತ್ತಳೆಯವರು ಇಬ್ಬರೂ ಹುಡುಗಿಯರು.

ಆ ಹುಡುಗಿಯರಿಗೆ ಮೇಡಂ ಕೈಕೊ ಫುಕುಡಾ ಅನ್ನುವವರ ಕತೆ ಹೇಳಿದ್ದರು. 1913ರಲ್ಲಿ ಹುಟ್ಟಿದ ಜಪಾನಿ ಹೆಂಗಸು, ಐದಡಿಯೂ ಎತ್ತರವಿಲ್ಲ. ಜೂಡೋ ಶುರು ಮಾಡಿದ್ದು 1935ರಲ್ಲಿ, ಇಪ್ಪತ್ತು ದಾಟಿದ ಮೇಲೆ. ಕಪ್ಪು ಬೆಲ್ಟಿನಲ್ಲೂ ದಾನ್ ಅಂತ ಮೆಟ್ಟಿಲುಗಳಿವೆ. ಐದನೇ ಮೆಟ್ಟಿಲಿನ ಮೇಲೆ ಹೆಂಗಸರಿಗೆ ಜಾಗವಿಲ್ಲ ಅಂತ ಅವರನ್ನು ವರ್ಷಗಟ್ಟಲೆ ಅಲ್ಲೇ ನಿಲ್ಲಿಸಿದರು. 1972ರಲ್ಲಿ ಆರನೆಯದು ಬಂತು. 2011ರಲ್ಲಿ, ತೊಂಬತ್ತೆಂಟರ ವಯಸ್ಸಿನಲ್ಲಿ, ಅಮೆರಿಕದಲ್ಲಿ ಹತ್ತನೆಯದು. ‘ಲೇಟಾಯ್ತು’ ಅನ್ನುವ ಮಾತನ್ನು ನಾವು ಆವತ್ತಿಗೆ ಬಿಟ್ಟೆವು.

ಜಪಾನನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಜೂಡೋ ಕಟ್ಟಿದ ಕಾನೊ ಜಿಗೊರೊ ಬಡವನಲ್ಲ, ಉಳ್ಳವರ ಮನೆಯವನು. ಆದರೆ ಸಣ್ಣ ಆಳು, ಶಾಲೆಯಲ್ಲಿ ಪೆಟ್ಟು ತಿಂದವನು. ಸಮುರಾಯಿಗಳ ಹಳೆಯ ಜುಜುತ್ಸುವಿನಿಂದ ಬೇಕಾದ್ದನ್ನು ಹೆಕ್ಕಿ 1882ರಲ್ಲಿ ಟೋಕಿಯೋದ ಒಂದು ಗುಡಿಯಲ್ಲಿ, ಹನ್ನೆರಡು ಚಾಪೆಯ ಜಾಗದಲ್ಲಿ, ಬೆರಳೆಣಿಕೆಯ ಶಿಷ್ಯರೊಂದಿಗೆ ಶುರು ಮಾಡಿದ. ಅದೇ ಜಪಾನಿನಲ್ಲಿ ತೊಗಲು ಹದ ಮಾಡುವವರನ್ನು, ದನ ಕೊಯ್ಯುವವರನ್ನು ಊರಾಚೆ ಇಟ್ಟಿದ್ದರು. 1871ರಲ್ಲಿ ಸರ್ಕಾರ ಅವರ ಕೀಳು ಹೆಸರನ್ನು ರದ್ದು ಮಾಡಿತು, ಬದುಕನ್ನು ಬದಲಿಸಲಿಲ್ಲ. ಕೊನೆಗೆ ಅವರೇ 1922ರ ಮಾರ್ಚಿಯಲ್ಲಿ ಕ್ಯೋಟೋದಲ್ಲಿ ಸೇರಿ ಸುಯಿಹೈಶಾ ಅನ್ನುವ ತಮ್ಮದೇ ಸಂಘ ಕಟ್ಟಿದರು. ಎಲ್ಲರನ್ನೂ ಸಮ ಮಾಡುವವರ ಸಂಘ ಅಂತ ಅದರರ್ಥ. ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದದ್ದು 1927ರಲ್ಲಿ. ಕಡಲಾಚೆ ಈಚೆ, ಐದು ವರ್ಷದ ಅಂತರ.

ಇನ್ನು ನಮ್ಮ ಕಡೆಯ ಉಸ್ತಾದರ ಮಾತು. ಕಲಿಕೆ ಅಂದ ಕೂಡಲೇ ನಮಗೆ ಏಕಲವ್ಯನ ಬೆರಳನ್ನೇ ತೋರಿಸುತ್ತಾರೆ. ಆ ಬೆರಳು ಸಾಕು. ಪುಣೆಯ ಲಹೂಜಿ ಸಾಳ್ವೆಯವರ ಕತೆ ಹೇಳೋಣ. ಅವರು ಮಾಂಗ ಜಾತಿಯವರು, ಹತ್ತೊಂಬತ್ತನೇ ಶತಮಾನದಲ್ಲಿ ಪುಣೆಯಲ್ಲಿ ತಾಲೀಮುಖಾನೆ ನಡೆಸಿದವರು, ಜನ ಅವರನ್ನು ವಸ್ತಾದ್ ಅಂತಲೇ ಕರೆದರು. ದಾಂಡಪಟ್ಟಾ, ಗುರಿ ಹೊಡೆಯುವುದು ಕಲಿಯಲು ಅವರಲ್ಲಿಗೆ ಹೋದವರು ಮಾಲಿ ಜಾತಿಯ ಜೋತಿಬಾ ಫುಲೆ. ಇಲ್ಲಿ ಅಸ್ಪೃಶ್ಯ ಗುರು, ಸ್ಪೃಶ್ಯ ಶಿಷ್ಯ. ಬೆರಳು ಯಾರೂ ಕೇಳಲಿಲ್ಲ. ಫುಲೆ ದಂಪತಿಗಳು ಶಾಲೆ ತೆರೆದಾಗ ಲಹೂಜಿ ಬೆನ್ನಿಗೆ ನಿಂತರು. ಆ ಶಾಲೆಯಲ್ಲಿ ಓದಿದ ಮಾಂಗರ ಹುಡುಗಿ ಮುಕ್ತಾ ಸಾಳ್ವೆ ಮಹಾರ ಮಾಂಗರ ದುಃಖದ ಮೇಲೆ ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ತಾಲೀಮು ಮತ್ತು ಅಕ್ಷರ ಒಂದೇ ಓಣಿಯಲ್ಲಿ ಬೆಳೆದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಂತ ಎಸೆತ ಕಲಿತರೆ ದೌರ್ಜನ್ಯ ನಿಂತುಬಿಡುತ್ತದೆ ಅಂತ ನಾವು ನಂಬಿಲ್ಲ. 2000ದ ಮಾರ್ಚಿಯಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮವರು ಏಳು ಜನರನ್ನು ಮನೆಯೊಳಗೆ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಹೊರಗಿನಿಂದ ಚಿಲಕ ಬಿದ್ದ ಬಾಗಿಲಿಗೆ ಯಾವ ಪಟ್ಟೂ ಇಲ್ಲ. 2023ರ ಮೇನಲ್ಲಿ ದೇಶಕ್ಕೆ ಒಲಿಂಪಿಕ್ ಪದಕ ತಂದ ಕುಸ್ತಿಪಟುಗಳನ್ನೇ ದೆಹಲಿಯ ಬೀದಿಯಲ್ಲಿ ಪೊಲೀಸರು ಎಳೆದಾಡಿದ್ದನ್ನು ಎಲ್ಲರೂ ನೋಡಿದೆವು. ಗುಂಪಿನ ಎದುರು, ಚಾಕುವಿನ ಎದುರು ಓಡುವುದೇ ಮೊದಲ ಪಟ್ಟು ಅಂತ ಮೇಡಂ ಕೂಡ ಹೇಳುತ್ತಾರೆ. ಸಂಘಟನೆ ಬೇಕು, ಕಾನೂನು ಬೇಕು, ವಕೀಲ ಬೇಕು. ಅಷ್ಟೆಲ್ಲ ಮಾಡಲು ಠಾಣೆಯ ಮೆಟ್ಟಿಲು ಹತ್ತುವ ಮೈ ಮೊದಲು ಬೇಕು. ಈಚೆಗೆ ಒಂದು ದೂರು ಕೊಡಲು ಹೋದಾಗ ‘ನಾಳೆ ಬನ್ನಿ’ ಅಂದರು. ಹಿಂದಾಗಿದ್ದರೆ ಬಂದುಬಿಡುತ್ತಿದ್ದೆವು. ಈ ಸಲ ನಿಂತೆವು. ಕೂಗಾಡಲಿಲ್ಲ. ಎರಡು ಕಾಲಿನ ಮೇಲೆ ಭಾರ ಸಮ ಹಂಚಿ, ಉಸಿರು ಬಿಟ್ಟು ತೆಗೆದು, ಸುಮ್ಮನೆ ನಿಂತೆವು. ಒಂದೂವರೆ ಗಂಟೆ ಆದ ಮೇಲೆ ಬರೆದುಕೊಂಡರು.

ಜೂಡೋದಲ್ಲಿ ಇನ್ನೊಂದು ಕಟ್ಟಳೆ ಇದೆ. ಕತ್ತು ಹಿಡಿತಕ್ಕೆ ಸಿಕ್ಕಿ ಸಾಕಾದರೆ ಎದುರಿನವನ ಮೈಯನ್ನೋ ಮ್ಯಾಟನ್ನೋ ಎರಡು ಸಲ ತಟ್ಟಬೇಕು. ತಟ್ಟಿದ ಗಳಿಗೆಯಲ್ಲೇ ಅವನು ಬಿಡಬೇಕು. ಗೆದ್ದೆನೆಂದು ಇನ್ನೊಂದು ಗಳಿಗೆ ಹಿಡಿದರೂ ಅವನು ಆಟಗಾರನಲ್ಲ. ಎಷ್ಟು ತಲೆಮಾರು ನೆಲ ತಟ್ಟಿದೆವು ನಾವು, ಯಾರು ಬಿಟ್ಟರು? ಅದಕ್ಕೇ ಕೇರಿಯ ಮಕ್ಕಳಿಗೆ ನಾವು ಹೇಳಿಕೊಡುವಾಗ ಹಿಡಿಯುವುದಕ್ಕಿಂತ ಮೊದಲು ಬಿಡುವುದನ್ನು ಹೇಳಿಕೊಡುತ್ತೇವೆ. ನಾಳೆ ಇವರ ಕೈ ಮೇಲಾದಾಗ ಇವರಿಗೆ ಈ ಕಟ್ಟಳೆ ನೆನಪಿರಬೇಕು.

ಹೌದು, ಮೇಡಂ ಒಪ್ಪಿಗೆ ಕೊಟ್ಟ ಮೇಲೆ ಭಾನುವಾರ ಬೆಳಿಗ್ಗೆ ಅಂಬೇಡ್ಕರ್ ಭವನದಲ್ಲಿ ಶುರು ಮಾಡಿದ್ದೇವೆ. ಬರೀ ಬೀಳುವುದು, ಉರುಳುವುದು, ಹಿಡಿತ. ಎಸೆತ ಇಲ್ಲ. ಗೋಣಿಚೀಲಕ್ಕೆ ಭತ್ತದ ಹುಲ್ಲು ತುಂಬಿ, ಮೇಲೆ ಟಾರ್ಪಾಲು ಬಿಗಿದಿದ್ದೇವೆ. ಹದಿಮೂರು ಮಕ್ಕಳು, ಅದರಲ್ಲಿ ಎಂಟು ಹುಡುಗಿಯರು. ಊರೊಳಗಿನ ಹುಡುಗನೊಬ್ಬ ಮೂರು ವಾರ ಬಂದ. ಕೇರಿಯ ಹುಡುಗನ ಕೊರಳಪಟ್ಟಿ ಹಿಡಿದ, ಬಗ್ಗಿದ, ಬಗ್ಗಿಸಿಕೊಂಡ. ನಾಲ್ಕನೇ ವಾರ ಅವನನ್ನು ಮನೆಯವರು ಬಿಡಲಿಲ್ಲ. ಅವನ ಜೋಡಿ ಹುಡುಗ ಈಗ ಮೂರನೆಯವನಾಗಿ ಇನ್ನೊಂದು ಜೋಡಿಗೆ ಸೇರಿಕೊಂಡಿದ್ದಾನೆ, ‘ಅವ್ನು ಬತ್ತಾನಾಣ್ಣ?’ ಅಂತ ಪ್ರತಿವಾರ ಕೇಳುತ್ತಾನೆ. ಗೊತ್ತಿಲ್ಲ ಕಂದ ಅನ್ನುತ್ತೇವೆ.

ಓದುವ ಗೆಳೆಯರೇ, ನಿಮ್ಮಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರುಗಳಿದ್ದರೆ, ಬಳಸಿ ಮೂಲೆಗೆ ಹಾಕಿದ ಮ್ಯಾಟುಗಳಿದ್ದರೆ, ತಿಳಿಸಿ. ಹರಿದಿದ್ದರೂ ಸರಿ, ಹೊಲಿದುಕೊಳ್ಳುತ್ತೇವೆ. ಮುಂಗಾರು ಹಿಡಿದರೆ ಹುಲ್ಲು ಕೊಳೆಯುತ್ತದೆ. ಅಷ್ಟರೊಳಗೆ ಆಗಬೇಕು.